ವಿಮಾನದ ಮುಡಿಪು

ಕಳೆದ ವಾರ ಕೊರಿಯರ್‌ನವರೊಬ್ಬರು ನನ್ನ ಪ್ರೆಸ್ಸಿಗೆ ಬಂದು, ತಲೆಯ ಹೆಲ್ಮೆಟ್ಟನ್ನೂ ತೆಗೆಯದೆ, “ಡಾಕ್ಟ್ರದ್ದು ಒಂದು ಕಾರ್ಡ್ ಬಂದಿದೆ. ಅವರು ಇದ್ದಾರಾ?” ಎಂದು ಕೇಳಿದರು. ಒಳಗೆ ಮದುವೆ ಕಾಗದ ಮಡಿಸುತ್ತ ಕೂತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. “ಅವರು ಇಲ್ಲ” ಎಂದೆ. “ಮತ್ತೆ ಎಷ್ಟೊತ್ತಿಗೆ ಬರ್ತಾರೆ? ಇದು ಅವರ ಕೈಗೇ ಕೊಡ್ಬೇಕು, ಐಡಿ ನೋಡ್ಲಿಕ್ಕುಂಟು” ಎಂದರು. ನನಗೆ ಎಲ್ಲಿತ್ತೋ ಸಿಟ್ಟು. “ಅವರು ಸತ್ತು ತಿಂಗಳಾಗ್ತಾ ಬಂತು ಮಾರಾಯ್ರೆ! ಎಲ್ಲಿಂದ ತಂದಿರೋ ಅಲ್ಲಿಗೇ ತೆಗೆದುಕೊಂಡು ಹೋಗಿ” ಎಂದು ಬೊಬ್ಬೆ ಹಾಕಿದೆ. ಪಾಪ, ಆ ಮನುಷ್ಯ ಏನು ಮಾಡಿದ್ದರು? ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು, “ನನಗೆ ಗೊತ್ತಿರ್ಲಿಲ್ಲ. ಒಳ್ಳೆ ಜನ. ನನಗೆ ಯಾವಾಗ್ಲೂ ಚಾ ಕುಡಿಸ್ತಿದ್ರು” ಎಂದು ಹೇಳಿ ಹೋದರು.

ಆ ಚಾ ಕೂಡ ನನ್ನ ಲೆಕ್ಕದ್ದೇ ಆಗಿತ್ತು ಎಂಬುದು ಬೇರೆ ಮಾತು.

ಸರಕಾರದ ಪ್ರಕಾರ ಅವರು ಡಾಕ್ಟರೇ ಅಲ್ಲ. ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಆದರೆ ಸುಳ್ಯದಿಂದ ಕಡಬದವರೆಗೆ ದನ ಸಾಕಿದವರಿಗೆಲ್ಲ ಅವರೇ ಡಾಕ್ಟ್ರು. ಕುಳ್ಳಗೆ, ಗಟ್ಟಿ ಆಳು. ಅರ್ಧ ತೋಳಿನ ಅಂಗಿ, ಅದರ ಕಿಸೆಯಲ್ಲಿ ಥರ್ಮಾಮೀಟರ್, ಮೊಣಕೈಯವರೆಗೆ ತಿಕ್ಕಿ ತಿಕ್ಕಿ ಬಿಳುಚಿದ ಕೈ. ಎಷ್ಟು ತೊಳೆದರೂ ಆ ಕೈಗಳಿಂದ ದನದ ಹಟ್ಟಿಯ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ದನದ ಹಣೆ ತುರಿಸಿ, ಅದರ ಸುಖದುಃಖ ವಿಚಾರಿಸಿ, ಆಮೇಲೆ ಮನೆಯವರ ಕಡೆ ತಿರುಗುವುದು ಅವರ ಕ್ರಮ. ಮನುಷ್ಯರ ಹತ್ತಿರ ಮಾತಾಡುವಾಗಲೂ ಸ್ವರ ಎತ್ತುತ್ತಿರಲಿಲ್ಲ. ಹೆದರಿದ ಪ್ರಾಣಿಯನ್ನು ಸಮಾಧಾನ ಮಾಡುವ ಅದೇ ಸ್ವರ ನಮಗೂ.

ಮನೆ ಇದ್ದದ್ದು ಅರಂತೋಡಿನಲ್ಲಿ, ಮಡಿಕೇರಿ ರಸ್ತೆಯ ಬದಿಯ ಅಂಗಡಿಗಳ ಹಿಂದೆ. ಅವರ ಕ್ರೆಡಿಟ್ ಕಾರ್ಡುಗಳು ಪುತ್ತೂರಿನ ನನ್ನ ಪ್ರೆಸ್ಸಿಗೆ ಬರುತ್ತಿದ್ದುದಕ್ಕೆ ಕಾರಣವೂ ಅದೇ. ಅರಂತೋಡಿನ ಪಿನ್‌ಕೋಡ್ ಒತ್ತಿದರೆ ಬ್ಯಾಂಕಿನವರ ಅರ್ಜಿ ‘ನಿಮ್ಮ ಪ್ರದೇಶದಲ್ಲಿ ನಮ್ಮ ಸೇವೆ ಇಲ್ಲ’ ಎಂದು ಅಲ್ಲಿಗೇ ನಿಲ್ಲುತ್ತಿತ್ತಂತೆ. “ನಮ್ಮಲ್ಲಿ ಮನುಷ್ಯರು ಇದ್ದಾರೆ ಅಂತಲೇ ಇವರಿಗೆ ಗೊತ್ತಿಲ್ಲ ಮಾರಾಯ್ರೆ. ನಿಮ್ಮ ಅಡ್ರೆಸ್ ಕೊಡಿ” ಎಂದರು. ಕೊಟ್ಟೆ. ಅವತ್ತಿನಿಂದ ನನ್ನ ಪ್ರೆಸ್ಸು ಅವರ ಎರಡನೇ ಮನೆ.

ಮೊದಲ ಸಲ ಬಂದದ್ದು ಮಗಳ ಮದುವೆಯ ಕಾಗದ ಮಾಡಿಸಲು. ಕಾಗದ ಚೆನ್ನಾಗಿ ಆಗಿದೆ ಎಂದು ಹೊಗಳಿ, ಕಿಸೆಯಿಂದ ಒಂದು ಹೊಸ ಕಾರ್ಡ್ ತೆಗೆದು, ಅಂಗಿಯ ಅಂಚಿಗೆ ಒರೆಸಿ ನನ್ನ ಮುಂದೆ ಹಿಡಿದರು. ನನ್ನ ಹತ್ತಿರ ಕಾರ್ಡ್ ಉಜ್ಜುವ ಮೆಷಿನ್ ಇರಲಿಲ್ಲ. “ಪುತ್ತೂರು ಪೇಟೆಯಲ್ಲಿ ಇಷ್ಟು ದೊಡ್ಡ ಪ್ರೆಸ್ ಇಟ್ಟುಕೊಂಡು ಮೆಷಿನ್ ಇಲ್ವಾ!” ಎಂದು ಅವರು ಪಟ್ಟ ಬೇಸರ ನೋಡಬೇಕಿತ್ತು. ಮುಂದಿನ ತಿಂಗಳು ಅವರ ಕಾಟ ತಡೆಯಲಾಗದೆ ನಾನು ಮೆಷಿನ್ ತರಿಸಿದೆ.

ಆ ಮೊದಲ ಕಾರ್ಡು ಅವರ ಸಂಬಳದ ಬ್ಯಾಂಕಿನವರೇ ಫೋನು ಮಾಡಿ ಮಾಡಿ ತಲೆಗೆ ಕಟ್ಟಿದ್ದು. ಮಗಳ ಚಿನ್ನವನ್ನು ಅದರಲ್ಲಿ ತೆಗೆದುಕೊಂಡದ್ದಕ್ಕೆ ವಿಮಾನ ಕಂಪೆನಿಯ ಪಾಯಿಂಟುಗಳು ರಾಶಿಯಾಗಿ ಬಂದು ಬಿದ್ದವು. ಹೊಸ ಕಾರ್ಡ್ ತೆಗೆದುಕೊಂಡು, ಬ್ಯಾಂಕಿನವರು ಹೇಳಿದ ಅವಧಿಯೊಳಗೆ ಅವರು ಹೇಳಿದಷ್ಟು ಖರ್ಚು ಮಾಡಿದರೆ ಸ್ವಾಗತದ ಪಾಯಿಂಟು. ಆ ಪಾಯಿಂಟು ಸೇರಿಸಿದರೆ ವಿಮಾನದ ಟಿಕೆಟು. ನನಗೆ ತಲೆಬುಡ ಅರ್ಥವಾಗಲಿಲ್ಲ ಎಂದಾಗ ಡಾಕ್ಟ್ರು ತಮ್ಮ ಭಾಷೆಯಲ್ಲಿ ವಿವರಿಸಿದರು. “ದನ ಕರು ಹಾಕಿದ ಕೂಡ್ಲೆ ಗಿಣ್ಣು ಬರ್ತದಲ್ಲ, ದಪ್ಪ, ಹಳದಿ? ಇದು ಅದೇ. ನಾಲ್ಕು ದಿವಸ ಮಾತ್ರ. ಆಮೇಲೆ ಬರುದು ನೀರು ಹಾಲು. ನಾವು ಗಿಣ್ಣು ಕರೆದುಕೊಂಡು ದನವನ್ನು ವಾಪಸು ಹೊಡೆದುಬಿಡುದು. ಮತ್ತೆ ಬೇರೆ ದನ.”

“ಬ್ಯಾಂಕಿನವರಿಗೆ ಗೊತ್ತಾಗುದಿಲ್ವಾ?”

“ಗೊತ್ತಾಗ್ತದೆ. ಅವರಿಗೂ ಒಂದು ಆಸೆ, ಇವನು ಒಂದು ದಿವಸ ಬಡ್ಡಿ ಕಟ್ಟಿಯಾನು ಅಂತ. ಆ ಆಸೆ ನನ್ನ ಹತ್ತಿರ ನಡೆಯುದಿಲ್ಲ.”

ನಿಜಕ್ಕೂ ನಡೆಯಲಿಲ್ಲ. ಒಂದು ರೂಪಾಯಿ ಬಾಕಿ ಇಟ್ಟವರಲ್ಲ. ಅವರಿಗಿದ್ದ ಕಷ್ಟವೇ ಬೇರೆ. ಅಷ್ಟು ಖರ್ಚು ಮಾಡಲು ಅವರ ಬದುಕಿನಲ್ಲಿ ಖರ್ಚೇ ಇರಲಿಲ್ಲ! ಹೋಟೆಲಿಗೆ ಹೋಗುವವರಲ್ಲ, ವರ್ಷಕ್ಕೆ ಎರಡು ಅಂಗಿ, ಮನೆಯದೇ ಹಾಲು ತರಕಾರಿ. ಹಾಗಾಗಿ ಊರವರ ಖರ್ಚಿನ ಹಿಂದೆ ಬಿದ್ದರು. ನೆರೆಯವರ ಕರೆಂಟ್ ಬಿಲ್ಲು, ಆಸ್ಪತ್ರೆಯ ಸಹೋದ್ಯೋಗಿಗಳ ಇನ್ಶೂರೆನ್ಸು, ಯಾರದೋ ಬೈಕಿನ ಟಯರು, ಎಲ್ಲವನ್ನೂ ತಮ್ಮ ಕಾರ್ಡಿನಲ್ಲಿ ಕಟ್ಟಿ, ಅವರಿಂದ ನಗದು ತೆಗೆದುಕೊಂಡು, ಅದನ್ನು ನೇರ ಬ್ಯಾಂಕಿಗೆ ತುಂಬಿ ಬರುತ್ತಿದ್ದರು. ನನ್ನ ಪ್ರೆಸ್ಸಿನ ಕಾಗದ, ಶಾಯಿ, ಕೊನೆಗೆ ನನ್ನ ಹಲ್ಲು ಕಟ್ಟಿಸಿದ ಬಿಲ್ಲು ಕೂಡ ಅವರ ಕಾರ್ಡಿನ ಮೇಲೆ ಹೋಗಿದೆ. “ನಿಮ್ಮ ಹಲ್ಲಿನಿಂದ ನನಗೆ ಮಂಗಳೂರಿಂದ ಬೆಂಗಳೂರಿನವರೆಗೆ ಆಯ್ತು” ಎಂದು ನಕ್ಕಿದ್ದರು.

ಆದರೆ ಅವರ ದೊಡ್ಡ ಬೇಟೆ ಮದುವೆಗಳು. ಮದುವೆ ಗೊತ್ತಾದ ಮೇಲೆ ಜನ ಮೊದಲು ಬರುವುದು ಕಾಗದದವನ ಹತ್ತಿರ, ಆಮೇಲೆ ಚಿನ್ನದಂಗಡಿಗೆ. ಡಾಕ್ಟ್ರು ಇದನ್ನು ಕಂಡುಕೊಂಡರು. ಶನಿವಾರ ಮಧ್ಯಾಹ್ನ ಬಂದು ನನ್ನ ಸ್ಟೂಲಿನಲ್ಲಿ ಕೂತು, “ಯಾರದ್ದು ಉಂಟು ಈ ತಿಂಗಳು?” ಎಂದು ಶುರು. “ನಾನು ಪ್ರೆಸ್ ನಡೆಸುದಾ, ನಿಮಗೆ ಬ್ರೋಕರಿಕೆ ಮಾಡುದಾ?” ಎಂದು ನಾನು ಸಿಡುಕಿದರೆ ಕೇಳಿಸದವರ ಹಾಗೆ ಪ್ರೂಫುಗಳನ್ನು ಎತ್ತಿ ಎತ್ತಿ ನೋಡುತ್ತಿದ್ದರು.

ಕಾಣಿಯೂರಿನ ಕಡೆಯ ಒಬ್ಬರು ಮಗಳ ಮದುವೆಯ ಕಾಗದಕ್ಕೆ ಬಂದಾಗ ಡಾಕ್ಟ್ರು ಅಲ್ಲೇ ಇದ್ದರು. ಅವರ ಮನೆಯ ದನಕ್ಕೆ ಹಿಂದೆ ಇವರೇ ಮದ್ದು ಮಾಡಿದ್ದು, ಹಾಗಾಗಿ ನಂಬಿಕೆ ಇತ್ತು. ನಾವು ಮೂವರೂ ಚಿನ್ನದಂಗಡಿಗೆ ಹೋದೆವು. ಕಾಣಿಯೂರಿನವರು ದುಡ್ಡಿನ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು, ಮೆಷಿನ್ ಕುಂಯ್ ಎಂದು ಚೀಟಿ ಉಗುಳುವವರೆಗೆ ಸಡಿಲ ಬಿಡಲಿಲ್ಲ. ಆಮೇಲೆ ಕೇಳಿದರು, “ಡಾಕ್ಟ್ರೆ, ಸತ್ಯ ಹೇಳಿ. ಇದರಲ್ಲಿ ನಿಮಗೆ ಎಂತ ಸಿಗ್ತದೆ?”

“ವಿಮಾನ.”

“ಎಂತ ವಿಮಾನ?”

“ನನ್ನ ಅತ್ತೆಗೆ ವಿಮಾನ. ಅತ್ತೆಗೆ, ಹೆಂಡತಿಗೆ, ನನಗೆ.”

ಮದುವೆಯ ಊಟದ ಪಂಕ್ತಿಯಲ್ಲಿ ಆ ಪುಣ್ಯಾತ್ಮರು ಇದನ್ನು ಎಲ್ಲರಿಗೂ ಬಡಿಸಿದರು. ಅಲ್ಲಿಂದ ಅವರು ‘ವಿಮಾನ ಡಾಕ್ಟ್ರು’ ಆದರು. ಕೆಲವರು ಇವರು ಕಪ್ಪು ಹಣ ಬಿಳಿ ಮಾಡುತ್ತಾರೆ ಎಂದರು, ಕೆಲವರು ತಲೆ ಸರಿ ಇಲ್ಲ ಎಂದರು. ಡಾಕ್ಟ್ರು ತಮ್ಮಷ್ಟಕ್ಕೆ ಬಿಲ್ಲು ಕಟ್ಟುತ್ತ ಹೋದರು. ನಾನು ಮಾತ್ರ ತಡೆಯಲಾರದೆ, “ಅಲ್ಲ, ಎಲ್ಲಿಗೆ ಹೋಗ್ಲಿಕ್ಕೆ ಈ ಪಾಡು?” ಎಂದು ಕೇಳಿಯೇಬಿಟ್ಟೆ. “ಒಂದು ಆದಿತ್ಯವಾರ ಮನೆಗೆ ಬನ್ನಿ, ಹೇಳ್ತೇನೆ” ಎಂದರು.

ಹೋದೆ. ಚಾವಡಿಯ ಗೋಡೆಯಲ್ಲಿ ಮಿಲಿಟರಿ ಸಮವಸ್ತ್ರದ ಹುಡುಗನ ಫೋಟೋ, ಅದಕ್ಕೆ ಹಾರ. ಡಾಕ್ಟ್ರ ಹೆಂಡತಿಯ ತಮ್ಮ. ಲಡಾಖಿನ ಗಡಿಯಲ್ಲಿ ಹಿಮ ಕುಸಿದು ಬಿದ್ದು ಹೋದವನು. ದೇಹ ಊರಿಗೆ ಬಂದಿತ್ತು, ಅರಂತೋಡಿನ ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ಆದರೆ ಅವನ ಜೊತೆಯವರು ಅಲ್ಲಿ, ಅವನು ಹೋದ ಜಾಗದ ಹತ್ತಿರ, ಒಂದು ಕಲ್ಲು ನಿಲ್ಲಿಸಿ ಅವನ ಮತ್ತು ಅವನೊಂದಿಗೆ ಹೋದವರ ಹೆಸರು ಕೆತ್ತಿಸಿದ್ದರಂತೆ. ಅದರ ಫೋಟೋ ಡಾಕ್ಟ್ರ ಫೋನಿಗೆ ಬಂದಿತ್ತು. ಲೇಹ್‌ವರೆಗೆ ವಿಮಾನ, ಅಲ್ಲಿಂದ ಜೀಪಿನಲ್ಲಿ ಹೋದರೆ ಆ ಕಲ್ಲಿನ ತನಕ ಮನೆಯವರನ್ನು ಬಿಡುತ್ತಾರೆ ಎಂದು ಬರೆದಿದ್ದರು.

ಅತ್ತೆ, ಎಂದರೆ ಆ ಹುಡುಗನ ತಾಯಿ, ಅವರ ಜೊತೆಗೇ ಇದ್ದರು. ಸಣ್ಣ ಜೀವ, ಮಂಡಿ ನೋವು. ನಾನು ಕೂತ ಸ್ವಲ್ಪ ಹೊತ್ತಿನಲ್ಲೇ ಬಂದು ಅಳಿಯನಿಗೆ ಕೈ ಚಾಚಿದರು. ಡಾಕ್ಟ್ರು ಫೋನಿನಲ್ಲಿ ಆ ಫೋಟೋ ತೆಗೆದು ಕೊಟ್ಟರು. ಅಜ್ಜಿಗೆ ಓದಲು ಬಾರದು, ಆದರೆ ಮಗನ ಹೆಸರು ಎಷ್ಟನೇ ಸಾಲಿನಲ್ಲಿದೆ ಎಂದು ಗೊತ್ತು. ಆ ಸಾಲನ್ನು ಹೆಬ್ಬೆರಳಿನಿಂದ ಸವರಿದರು. ಸವರಿದ್ದೇ ತಡ, ಕಲ್ಲು ಜಾರಿ ಹೋಗಿ ಯಾರದೋ ಹಟ್ಟಿಯ ಕೆಚ್ಚಲು ಬಾತ ದನದ ಚಿತ್ರ ಬಂತು. ಅಜ್ಜಿ ಗಾಬರಿಯಿಂದ ಫೋನನ್ನು ಅಳಿಯನ ಕಡೆ ನೀಡಿದರು. ಡಾಕ್ಟ್ರು ಮತ್ತೆ ಕಲ್ಲು ತಂದುಕೊಟ್ಟರು. ಅಜ್ಜಿ ಮತ್ತೆ ಸವರಿದರು, ಮತ್ತೆ ಜಾರಿತು. ನನಗೆ ನೋಡಲಾಗಲಿಲ್ಲ.

“ಅವರಿಗೆ ಆ ಕಲ್ಲನ್ನು ಒಮ್ಮೆ ಮುಟ್ಬೇಕಂತೆ” ಎಂದರು ಡಾಕ್ಟ್ರು. “ಅಷ್ಟೇ.”

“ಟಿಕೆಟ್ ತೆಗೆದು ಕರಕೊಂಡು ಹೋಗಿ ಮಾರಾಯ್ರೆ. ನಿಮಗೇನು ಸಂಬಳ ಇಲ್ವಾ?”

“ಇವಳು ಬಿಡುದಿಲ್ಲ” ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ನಾನು ಅಕ್ಕ ಎಂದೇ ಕರೆಯುತ್ತಿದ್ದ ಆ ಹೆಂಗಸು ಚಾ ಲೋಟ ಇಡುತ್ತ, “ಮಗಳ ಮದುವೆ ಕಳೆದದ್ದು ಮೊನ್ನೆ. ವಿಮಾನಕ್ಕೆ ಅಷ್ಟು ದುಡ್ಡು ಸುರಿದ್ರೆ ತಮ್ಮನಾದ್ರೂ ಮೆಚ್ಚುವನಾ?” ಎಂದರು. ಆಗ ಡಾಕ್ಟ್ರ ಮುಖದಲ್ಲಿ ಬೆಳಕು ಬಂತು. “ಅದಕ್ಕೇ ಪಾಯಿಂಟು! ಒಂದು ಪೈಸೆ ಹೋಗುದಿಲ್ಲ. ಆಗ ಇವಳು ಎಂತ ಹೇಳ್ತಾಳೆ ನೋಡುವ.”

ಪಾಯಿಂಟಿನ ವಿಷಯ ಕೇಳಿದ ದಿನ ಅಕ್ಕ ಮಾಡಿದ್ದು ಒಂದೇ ಕೆಲಸ. ದೇವರ ಕೋಣೆಗೆ ಹೋಗಿ, ಹಳದಿ ಬಟ್ಟೆಯಲ್ಲಿ ಒಂದು ರೂಪಾಯಿ ಇಟ್ಟು ಗಂಟು ಕಟ್ಟಿದರು. ನಮ್ಮ ಕಡೆ ದೇವರಿಗೆಂದು ತೆಗೆದಿಟ್ಟದ್ದನ್ನು ಹೀಗೆ ಮುಡಿಪು ಕಟ್ಟುತ್ತಾರೆ. ಕಟ್ಟಿದ ಮೇಲೆ ಮನೆಯಲ್ಲಿ ಎಂಥ ಅಡಚಣೆ ಬಂದರೂ ಅದನ್ನು ಮುಟ್ಟುವ ಹಾಗಿಲ್ಲ, ಬಿಚ್ಚಿ ಅರ್ಧ ತೆಗೆಯುವ ಹಾಗಿಲ್ಲ. ಒಪ್ಪಿಸಿದರೆ ಇಡಿಯಾಗಿ ಒಪ್ಪಿಸಬೇಕು. ಮೂರು ಜನ ಆ ಕಲ್ಲಿನ ಹತ್ತಿರ ಹೋಗಲು ಈ ಪಾಯಿಂಟು ಎಂದು ಪ್ರಾರ್ಥಿಸಿ ಕಟ್ಟಿದ್ದರು. ವಿಮಾನ ಕಂಪೆನಿಯ ಪಾಯಿಂಟಿಗೆ ಮುಡಿಪು ಕಟ್ಟಿದವರು ಈ ಪ್ರಪಂಚದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಆಗ ಜೋರಾಗಿ ನಕ್ಕೆ, ಅವರೂ ನಕ್ಕರು.

ನಗು ಬಹಳ ದಿನ ಉಳಿಯಲಿಲ್ಲ. ಮುಂದಿನ ವರ್ಷ ಒಂದು ಶನಿವಾರ ಡಾಕ್ಟ್ರು ಪ್ರೆಸ್ಸಿಗೆ ಬಂದು ಫೋನು ತೋರಿಸಿದರು. ಲೇಹ್‌ಗೆ ಪಾಯಿಂಟಿನ ಮೇಲೆ ಸೀಟು ಖಾಲಿ ಇತ್ತು. ಅವರಲ್ಲಿದ್ದ ಪಾಯಿಂಟು ಇಬ್ಬರಿಗೆ ಸಾಕು, ಮೂವರಿಗೆ ಸಾಲದು.

“ಬುಕ್ ಮಾಡಿ!” ಎಂದೆ. “ತಾಯಿಯೂ ಮಗಳೂ ಹೋಗ್ಲಿ. ಅಥವಾ ಒಂದು ಟಿಕೆಟಿಗೆ ದುಡ್ಡು ಹಾಕಿ.”

“ಹೇಗೆ ಮಾಡುದು? ದುಡ್ಡು ಹಾಕ್ಲಿಕ್ಕೆ ಅವಳು ಬಿಡುದಿಲ್ಲ. ಮೂರು ಜನರ ಹೆಸರು ಹೇಳಿ ಕಟ್ಟಿದ ಮುಡಿಪು. ಒಡೆದು ಇಬ್ಬರಿಗೆ ಕೊಡ್ಲಿಕ್ಕೆ ಬರ್ತದಾ?”

“ಅಯ್ಯೋ ದೇವರೇ, ಅದು ಕಂಪ್ಯೂಟರಿನಲ್ಲಿರುವ ಲೆಕ್ಕ ಡಾಕ್ಟ್ರೆ!”

“ಕಟ್ಟಿದ್ದು ಕಂಪ್ಯೂಟರಿನಲ್ಲಿ ಅಲ್ಲಲ್ಲ” ಎಂದರು ಅದೇ ಮೆಲು ಸ್ವರದಲ್ಲಿ. “ಇನ್ನೊಂದು ಕಾರ್ಡು ಬಂದ್ರೆ ಆಯ್ತು. ಅತ್ತೆ ಎಲ್ಲಿ ಹೋಗ್ತಾರೆ?”

ಅತ್ತೆ ಆ ಮಳೆಗಾಲ ಕಳೆಯಲಿಲ್ಲ. ನ್ಯುಮೋನಿಯ ಎಂದರು, ಸುಳ್ಯದ ಆಸ್ಪತ್ರೆಗೆ ಸೇರಿಸಿ ವಾರದೊಳಗೆ ಹೋದರು. ಇನ್ನೊಂದು ಕಾರ್ಡು ಅವರ ಉತ್ತರಕ್ರಿಯೆಯ ದಿನವೇ ನನ್ನ ಪ್ರೆಸ್ಸಿಗೆ ಬಂತು. ಆ ಹಾಳು ಲಕೋಟೆಯನ್ನು ಮೇಜಿನ ಖಾನೆಯೊಳಗೆ ಎಸೆದು, ಡಾಕ್ಟ್ರು ತಾವಾಗಿ ಕೇಳುವವರೆಗೆ ಕೊಡಲಿಲ್ಲ.

ಇನ್ನಾದರೂ ಗಂಡ ಹೆಂಡತಿ ಹೋಗಿ ಬರುತ್ತಾರೆ ಎಂದುಕೊಂಡೆ. ಇಬ್ಬರಿಗೆ ಬೇಕಾದ ಪಾಯಿಂಟು ಇದ್ದೇ ಇತ್ತು. ಆದರೆ ಡಾಕ್ಟ್ರ ಮನಸ್ಸಿಗೆ ಬೇರೆ ಏನೋ ಹತ್ತಿತ್ತು. “ಅತ್ತೆಗೆ ಅಂತೂ ಆಗ್ಲಿಲ್ಲ. ಇವಳನ್ನು ಕರಕೊಂಡು ಹೋಗುವಾಗ ಹಿಂದೆ ಇಕ್ಕಟ್ಟಿನಲ್ಲಿ ಕೂರಿಸುದಿಲ್ಲ. ಎದುರಿನ ಸೀಟು. ಕಾಲು ಚಾಚಿ, ರಾಣಿಯ ಹಾಗೆ ಕೂತು ಹೋಗ್ಬೇಕು. ಗೊತ್ತುಂಟಾ, ದುಡ್ಡು ಕೊಟ್ಟು ಹೋದ್ರೆ ಒಬ್ಬರಿಗೆ ಲಕ್ಷ ಆಗ್ತದೆ ಅದಕ್ಕೆ! ನಮಗೆ ಪುಕ್ಕಟೆ.” ಈ ಲಕ್ಷದ ಮಾತನ್ನು ಅವರು ಎಲ್ಲರೆದುರು ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ, ಚಿನ್ನದಂಗಡಿಯಲ್ಲಿ, ಮನೆಯಲ್ಲಿ ಹೆಂಡತಿಯ ಎದುರು. ಎದುರಿನ ಸೀಟಿಗೆ ಪಾಯಿಂಟು ಎರಡು ಪಟ್ಟಿಗಿಂತ ಹೆಚ್ಚು ಬೇಕಿತ್ತು. ಮತ್ತೆ ಕಾರ್ಡು, ಮತ್ತೆ ಮದುವೆ, ಮತ್ತೆ ಊರವರ ಬಿಲ್ಲು.

ನನಗೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಕೆಲವು ಶನಿವಾರ ಅವರ ಸ್ಕೂಟರಿನ ಶಬ್ದ ಕೇಳಿದರೆ ಒಳಗೆ ಹೋಗಿ ಪ್ರಿಂಟಿಂಗ್ ಮೆಷಿನ್ ಹಿಂದೆ ನಿಲ್ಲುತ್ತಿದ್ದೆ. ಆದರೂ ಆ ಮನುಷ್ಯನನ್ನು ಬೈದು ಕಳಿಸಲು ನನ್ನಿಂದ ಆಗಲಿಲ್ಲ. ಅತ್ತೆಯ ಬೆರಳಿನಡಿಯಿಂದ ಜಾರುವ ಕಲ್ಲನ್ನು ಬೇಸರವಿಲ್ಲದೆ ಪುನಃ ಪುನಃ ತಂದುಕೊಟ್ಟ ಕೈಗಳವು.

ಒಂದು ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲಿನಲ್ಲಿ ಕೂತಿದ್ದರು. ಮುಖ ಬಾಡಿ ಹೋಗಿತ್ತು. ವಿಮಾನ ಕಂಪೆನಿಯವರು ಪಾಯಿಂಟಿನ ಕ್ರಮವನ್ನೇ ಬದಲಾಯಿಸಿದ್ದರಂತೆ. ಮುಂಚೆ ಇಷ್ಟಕ್ಕೆ ಸಿಗುತ್ತಿದ್ದ ಸೀಟಿಗೆ ಈಗ ಅದರ ಎರಡರಷ್ಟು. ಮುಂದಾಗಿ ಒಂದು ಮಾತಿಲ್ಲ, ಎಚ್ಚರಿಕೆ ಇಲ್ಲ. ನಿನ್ನೆ ತನಕ ಇದ್ದದ್ದು ಇವತ್ತು ಇಲ್ಲ.

“ಮುಡಿಪನ್ನು ಹೀಗೆ ಮಾಡ್ಲಿಕ್ಕುಂಟಾ?” ಎಂದು ಕೇಳಿದರು ನನ್ನನ್ನು. ಅಳು ಬರುವ ಸ್ವರ. “ದೇವರ ದುಡ್ಡನ್ನು ಯಾರಾದ್ರೂ ಅರ್ಧ ಮಾಡುದುಂಟಾ ಮಾರಾಯ್ರೆ?”

ಆ ಕಂಪೆನಿಯವರಿಗೆ ಅದು ಮುಡಿಪು ಎಂದು ಹೇಳಿದವರು ಯಾರು? ನಾನು ಅವರ ಪಕ್ಕ ಅದೇ ಮೆಟ್ಟಿಲಿನಲ್ಲಿ ಕೂತೆ. ಕೆಲಸದ ಹೆಂಗಸರು ಬಂದು ನಮ್ಮಿಬ್ಬರನ್ನು ದಾಟಿಕೊಂಡು ಒಳಗೆ ಹೋದರು.

ಅದಾದ ಮೇಲೆ ಅಕ್ಕನಿಗೆ ಕೆಮ್ಮು ಶುರುವಾಯಿತು. ಒಣ ಕೆಮ್ಮು. ಮೊದಲು ಧೂಳಿನದ್ದು ಎಂದರು, ಆಮೇಲೆ ಹಟ್ಟಿಯ ಹುಲ್ಲಿನದ್ದು ಎಂದರು. ಹಾಲು ಕರೆದು ಚೆಂಬು ಹಿಡಿದು ಅಂಗಳ ದಾಟುವಷ್ಟರಲ್ಲಿ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಡಾಕ್ಟ್ರು ಕರೆದುಕೊಂಡು ಹೋದರು. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ, ಗುಣವಾಗುವಂಥದ್ದಲ್ಲ, ನಿಧಾನ ಮಾಡಬಹುದು ಎಂದರಂತೆ. ಅಕ್ಕನನ್ನು ಒಳಗೆ ಪರೀಕ್ಷೆಗೆ ಕರೆದೊಯ್ದಾಗ ಇವರು ಕೇಳಬಾರದ ಪ್ರಶ್ನೆಯನ್ನು ಕೇಳಿದರು. ಲೇಹ್‌ಗೆ ಹೋಗಬಹುದಾ ಎಂದು.

ಇದನ್ನು ನನಗೆ ಹೇಳಿದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ. ದೋಸೆ ಹೇಳಿ, ಮುಟ್ಟದೆ ಕೂತಿದ್ದರು. “ಅಷ್ಟು ಎತ್ತರದಲ್ಲಿ ಗಟ್ಟಿ ಆಳಿಗೇ ಉಸಿರು ಸಿಗುದಿಲ್ಲ, ಇವರನ್ನು ಕರಕೊಂಡು ಹೋದ್ರೆ ವಾಪಸು ತರುದಿಲ್ಲ ಅಂದ್ರು. ಅಷ್ಟು ಸಣ್ಣ ಪ್ರಾಯದ ಡಾಕ್ಟ್ರು. ಮೆಲ್ಲ ಹೇಳ್ಲಿಕ್ಕಾದ್ರೂ ಗೊತ್ತಿಲ್ಲ.”

“ಅಕ್ಕನಿಗೆ ಹೇಳಿದ್ರಾ?”

“ಇಲ್ಲ.”

ಅಷ್ಟರಲ್ಲಿ ಅವರ ಫೋನು ಬಡಿಯಿತು. ಯಾವುದೋ ಬ್ಯಾಂಕು, ಹೊಸ ಕಾರ್ಡಿನ ವಿಚಾರ. ಅವರು ಹೆಸರು, ಹುಟ್ಟಿದ ದಿನ, ನನ್ನ ಪ್ರೆಸ್ಸಿನ ವಿಳಾಸ ಎಲ್ಲವನ್ನೂ ಶ್ರದ್ಧೆಯಿಂದ ಹೇಳಿದರು. ನನಗೆ ಮೈ ಉರಿದು ಹೋಯಿತು. ಫೋನು ಇಟ್ಟ ಕೂಡಲೇ, “ಇನ್ನು ಎಂತಕ್ಕೆ ಮಾರಾಯ್ರೆ ನಿಮಗೆ ಇದು? ಯಾರನ್ನು ಕರಕೊಂಡು ಹೋಗ್ಲಿಕ್ಕೆ?” ಎಂದು ಕೇಳಿದೆ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದೆ.

“ನಿಲ್ಲಿಸಿದ್ರೆ ಅವಳಿಗೆ ಗೊತ್ತಾಗ್ತದಲ್ಲ” ಎಂದರು.

ಆಮೇಲಿನ ಎರಡು ವರ್ಷ ಹಾಗೇ ನಡೆಯಿತು. ಡಾಕ್ಟ್ರು ಕಾರ್ಡು ತೆಗೆದುಕೊಳ್ಳುತ್ತ ಹೋದರು. ಮನೆಗೆ ಹೋಗಿ, ಇಷ್ಟಾಯಿತು, ಇನ್ನು ಇಷ್ಟೇ ಉಂಟು, ಬರುವ ಬೇಸಗೆಗೆ ಹೋಗುವ ಎಂದು ಹೇಳುತ್ತ ಹೋದರು. ಲೇಹ್‌ನ ಚಳಿಗೆಂದು ಪುತ್ತೂರಿನಲ್ಲಿ ಹುಡುಕಿ ಹುಡುಕಿ ಒಂದು ದಪ್ಪ ಸ್ವೆಟರು ಕೊಂಡರು, ಅದನ್ನೂ ಕಾರ್ಡಿನಲ್ಲೇ. ಅಕ್ಕ ಅದನ್ನು ಹಾಕಿ ತೋರಿಸಿದರಂತೆ. ಆಗಲೇ ಮೂಗಿಗೆ ಆಮ್ಲಜನಕದ ನಳಿಗೆ ಬಂದಿತ್ತು. ನಮ್ಮ ಸೆಕೆಯಲ್ಲಿ, ಮೂಗಿಗೆ ನಳಿಗೆ ಇಟ್ಟುಕೊಂಡು, ಸ್ವೆಟರು ಹಾಕಿ ನಿಂತ ಹೆಂಡತಿಯನ್ನು ನೋಡಿ ‘ಚಂದ ಕಾಣ್ತದೆ’ ಎನ್ನಲು ಆ ಮನುಷ್ಯನಿಗೆ ಎದೆ ಹೇಗೆ ಬಂತೋ ನಾನರಿಯೆ.

ಎದೆ ಕೊನೆಗೂ ಸೋತಿತು. ಕಡಬದ ಕಡೆ ಒಂದು ಮನೆಯಲ್ಲಿ ದನಕ್ಕೆ ಕರು ಅಡ್ಡ ಬಂದಿತ್ತು. ಮಧ್ಯಾಹ್ನದವರೆಗೆ ಹೆಣಗಾಡಿ ಕರುವನ್ನು ತೆಗೆದರು. ಕೈ ತೊಳೆದು, ಹಟ್ಟಿಯ ಕಟ್ಟೆಯಲ್ಲಿ ಕೂತು, ಕುಡಿಯಲು ಸ್ವಲ್ಪ ನೀರು ಕೊಡಿ ಎಂದರಂತೆ. ಮನೆಯವರು ನೀರು ತರುವಷ್ಟರಲ್ಲಿ ಮುಗಿದಿತ್ತು. ಕರು ಬದುಕಿದೆ.

ಉತ್ತರಕ್ರಿಯೆಯ ಕಾಗದವನ್ನು ನಾನೇ ಮಾಡಿದೆ. ಎಷ್ಟು ಜನರದ್ದು ಮಾಡಿಲ್ಲ ನಾನು, ಆದರೆ ಅವರ ಫೋಟೋವನ್ನು ಚೌಕಟ್ಟಿನಲ್ಲಿ ಮೂರು ಸಲ ಕೂರಿಸಿ ಮೂರು ಸಲ ತೆಗೆದೆ. ಪ್ರೂಫ್ ತೋರಿಸಲು ಅರಂತೋಡಿಗೆ ಹೋದೆ. ಮದುವೆಯಾಗಿ ಹೋಗಿದ್ದ ಅವರ ಮಗಳು ಬಂದು ಒಳಗೆ ಅಡಿಗೆ ಮಾಡುತ್ತಿದ್ದಳು. ಅಕ್ಕ ಚಾವಡಿಯಲ್ಲಿ, ಗುಂಯ್ ಎನ್ನುವ ಆಮ್ಲಜನಕದ ಮೆಷಿನ್ನಿನ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಿದ್ದರು. ಪ್ರೂಫನ್ನು ನೋಡಿ, ಸರಿ ಉಂಟು ಎಂದು ಬದಿಗಿಟ್ಟರು. ಆಮೇಲೆ ಉಸಿರಿಗೆ ತಡೆದು ತಡೆದು ಮಾತಾಡಿದರು.

“ಅಣ್ಣ, ಅವರ ಪಾಯಿಂಟು ಎಂತ ಆಗ್ತದೆ?”

“ನೋಡ್ಬೇಕು ಅಕ್ಕ.”

“ನನಗೆ ಹೋಗ್ಲಿಕ್ಕೆ ಆಗುದಿಲ್ಲ ಅಂತ ಗೊತ್ತುಂಟು. ಮೊದಲೇ ಗೊತ್ತಿತ್ತು. ಅಂಗಳ ದಾಟ್ಲಿಕ್ಕೆ ಆಗದವಳು ನಾನು… ಅವರಿಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ.” ಉಸಿರು ಎಳೆದುಕೊಂಡರು. “ನೀವು ಒಮ್ಮೆ ಹೋಗಿ ಬನ್ನಿ. ಆ ಕಲ್ಲನ್ನು ಮುಟ್ಟಿ ಬನ್ನಿ. ಯಾರಾದ್ರೂ ಒಬ್ಬರು ಮುಟ್ಬೇಕಲ್ಲ.”

ಅವರ ಎದುರಿಗೇ ಕೂತು ವಿಮಾನ ಕಂಪೆನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ಕಡೆಗೆ ಒಬ್ಬಾಕೆ ಸಿಕ್ಕಿದಳು. ನನ್ನ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಬಹಳ ದುಃಖವಾಯಿತು ಎಂದಳು. ಖಾತೆ ಅವರ ಒಬ್ಬರ ಹೆಸರಿನಲ್ಲಿದೆ, ಅವರು ತೀರಿಕೊಂಡರೆ ಪಾಯಿಂಟು ರದ್ದಾಗುತ್ತದೆ, ಮನೆಯವರಿಗೆ ಕೊಡುವ ಕ್ರಮ ನಮ್ಮಲ್ಲಿ ಇಲ್ಲ ಎಂದಳು. ನಾನು ಬೇಡಿದೆ, ಗದರಿದೆ, ಸೈನಿಕನ ಹೆಸರು ಹೇಳಿದೆ. ಕ್ಷಮಿಸಿ ಸರ್, ಕ್ರಮ ಇಲ್ಲ. ಕೊನೆಗೆ ಏನೋ ಕೇಳಿದಳು. ನಾನು ಬೇಡ ಎಂದು ಫೋನು ಇಟ್ಟೆ.

“ಹೋಯ್ತಾ?” ಎಂದರು ಅಕ್ಕ.

“ಹೋಯ್ತು. ಎಲ್ಲ ಹೋಯ್ತು.”

“ಕೊನೆಗೆ ಎಂತ ಕೇಳಿದ್ದು ಅವಳು?”

“ಏನಿಲ್ಲ. ದುಡ್ಡು ಕೊಟ್ಟು ಟಿಕೆಟ್ ಮಾಡ್ತೀರಾ ಅಂತ ಕೇಳಿದ್ದು. ರೇಟು ಹೇಳಿದ್ಳು.”

“ಎಷ್ಟಂತೆ?”

ನಾನು ಹೇಳಿದೆ. ಒಬ್ಬರಿಗೆ, ಹೋಗಿ ಬರಲು.

ಅಕ್ಕ ನನ್ನ ಮುಖವನ್ನೇ ನೋಡಿದರು. “ಲಕ್ಷ ಅಲ್ವಾ?”

“ಲಕ್ಷ ಎಲ್ಲ ಎದುರಿನ ಸೀಟಿಗೆ ಅಕ್ಕ. ಹಿಂದೆ ಕೂತ್ರೆ ಇಷ್ಟೇ.”

“ಹಿಂದಿನ ಸೀಟು ಕೂಡ ಅದೇ ವಿಮಾನದಲ್ಲಿ ಇರುದಾ?”

“ಅದೇ ವಿಮಾನ.”

“ಎಲ್ಲರೂ ಒಟ್ಟಿಗೇ ಹೋಗಿ ಮುಟ್ಟುದಾ?”

“ಒಟ್ಟಿಗೇ.”

ಅವರು ಹೊರಗೆ ಹಟ್ಟಿಯ ಕಡೆ ತಿರುಗಿದರು. ಕೇಳಬೇಕಾದ್ದಕ್ಕೆ ಉಸಿರು ಕೂಡಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು.

“ಅಮ್ಮ ಇರುವಾಗ ಹಟ್ಟಿಯಲ್ಲಿ ಕರಾವಿನ ದನ ಎರಡು ಇತ್ತು. ಎರಡನ್ನೂ ಮಾರಿದ್ದಿದ್ರೆ ಮೂರು ಜನವೂ ಹೋಗಿ ಬರ್ತಿದ್ದೆವು. ಅಲ್ವಾ ಅಣ್ಣ?”

“ಹೌದಕ್ಕ” ಎಂದೆ.